ಮುಕ್ತಾಳ ಕೊನೆಯ ತರಗತಿ, ನನ್ನ ಎರಡು ಗ್ರೈಂಡರ್

ನನ್ನ ಹೆಂಡತಿ ಮುಕ್ತಾ ಮುಂಬಯಿ ಪಕ್ಕದ ಕಲ್ಯಾಣದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ನಾನು ರಘುಪತಿ, ಡೊಂಬಿವಲಿಯಲ್ಲಿ ಇಡ್ಲಿ ಮಾರುವವನು. ಸುಸ್ತು ಇಬ್ಬರಿಗೂ ಇದೆ, ಅವಳದ್ದು ಒಂದು ಕೈ ಹೆಚ್ಚು. ಲೋಕಲ್ ರೈಲಿನಿಂದ ಹಿಂಡಿದ ಬಟ್ಟೆಯ ಹಾಗೆ ಇಳಿಯುತ್ತಾಳೆ.

ಕಳೆದ ವರ್ಷ ಅವಳ ತರಗತಿಯಲ್ಲಿ ಉಳಿದದ್ದು ನಿಶಾ ಎಂಬ ಹುಡುಗಿ ಒಬ್ಬಳೇ. ಮಿಕ್ಕವರೆಲ್ಲ ಕಂಪ್ಯೂಟರ್ ಕೋರ್ಸಿಗೆ ಓಡಿದ್ದರು. ನಿಶಾಳೂ ಬಿಟ್ಟರೆ ತರಗತಿಗೆ ಬೀಗವೇ ಎಂದ ಪ್ರಿನ್ಸಿಪಾಲರು, ಒಬ್ಬಳಿಗೆ ಕೋಣೆ ಯಾಕೆಂದು ಅದನ್ನೂ ಕಿತ್ತುಕೊಂಡರು. ಎಂಥಾ ದೊಡ್ಡಸ್ತಿಕೆ! ಹಾಗಾಗಿ ಪಾಠ ನಮ್ಮ ಹೋಟೆಲಿಗೆ ಬಂತು, ಊಟದವರು ಹೋಗಿ ಚಹಾದವರು ಬರುವ ನಡುವಿನ ಹೊತ್ತಿಗೆ.

ಆ ದಿನದ ಪಾಠ, ತರಂಗ ಫಲನ ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂಬುದು. ಕಣ ಎಲ್ಲಿ ಸಿಕ್ಕೀತು ಎಂಬ ಸಂಭವ ಆ ಫಲನದಿಂದ ತಿಳಿಯುತ್ತದಂತೆ. ಶಕ್ತಿ ಒಂದೇ ಆದರೆ ಫಲನ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಸಂಭವ ಮಾತ್ರ ಕದಲುವುದಿಲ್ಲ. ಎರಡು ಶಕ್ತಿ ಬೆರೆತರೆ ಸಂಭವ ಅತ್ತಿತ್ತ ತೂಗುತ್ತದೆ. ಮುಕ್ತಾ ಎಷ್ಟು ಹೇಳಿದರೂ ನಿಶಾಳ ಮುಖ ಬಾಡುತ್ತಲೇ ಹೋಯಿತು.

“ಮುಝಸೆ ನಹೀ ಹೋಗಾ, ಮ್ಯಾಡಮ್. ನನ್ನಿಂದಾಗಲ್ಲ, ನಾನೂ ಕೋರ್ಸ್ ಬದಲಿಸ್ತೇನೆ.”

ಮುಕ್ತಾ ಪೆನ್ನು ಕೆಳಗಿಟ್ಟಳು. ಒಳಗೆ ನನ್ನ ಎರಡು ಗ್ರೈಂಡರ್ ಉದ್ದು ರುಬ್ಬುತ್ತಿದ್ದವು. ಒಂದರ ಬೆಲ್ಟ್ ಸಡಿಲ, ಇನ್ನೊಂದಕ್ಕಿಂತ ತುಸು ನಿಧಾನ ತಿರುಗುತ್ತದೆ. ಎರಡೂ ಒಟ್ಟಿಗೆ ತಿರುಗಿದರೆ ಗುಂಯ್ ಶಬ್ದ ಏರುತ್ತದೆ, ಇಳಿಯುತ್ತದೆ, ತಲೆ ತಿನ್ನುತ್ತದೆ.

“ಎಂತ ಸಾವು ಮಾರಾಯ್ತಿ ಇದು!” ಎಂದು ಹೋಗಿ ಒಂದನ್ನು ನಿಲ್ಲಿಸಿದೆ. ಇನ್ನೊಂದು ಒಂದೇ ಸಮ ಗುಂಯ್‌ಗುಟ್ಟಿತು.

ನಿಶಾ ತಟ್ಟನೆ ತಲೆಯೆತ್ತಿದಳು. “ಕಾಕಾ, ಬಂದ್ ಕರೂ ನಕಾ! ಪುನಃ ಹಾಕಿ.”

ಹಾಕಿದೆ. ಶಬ್ದ ಮತ್ತೆ ಏರಿತು, ಇಳಿಯಿತು.

“ಒಂದೇ ಇದ್ರೆ ತಿರುಗ್ತಾ ಇದ್ರೂ ಗೊತ್ತಾಗಲ್ಲ,” ಎಂದಳು ನಿಶಾ ನಿಧಾನವಾಗಿ. “ಎರಡು ಸೇರಿದ್ರೆ ತೂಗುತ್ತೆ. ಎರಡರ ಮಧ್ಯೆ ವ್ಯತ್ಯಾಸ ಇದೆಯಲ್ಲ, ಅದಕ್ಕೇ. ಹೈ ನಾ, ಮ್ಯಾಡಮ್?”

ಮುಕ್ತಾಳ ಕಣ್ಣು ತುಂಬಿತು. “ಹೌದು ಮಗಾ, ಅದೇ,” ಎಂದಳು.

ನಿಶಾ ಬಿಡಲಿಲ್ಲ, ಪಾಸಾದಳು. ಅವಳ ಹಿಂದೆ ಯಾರೂ ಬರಲಿಲ್ಲ, ತರಗತಿ ಮುಚ್ಚಿಯೇ ಹೋಯಿತು. ಮುಕ್ತಾ ಈಗ ಕಂಪ್ಯೂಟರ್‌ನವರಿಗೆ ಗಣಿತ ಹೇಳಿಕೊಡುತ್ತಾಳೆ. ರಜೆಯ ಮಧ್ಯಾಹ್ನ ಹೋಟೆಲಿನ ಅದೇ ಮೇಜಿಗೆ ಬಂದು ಸುಮ್ಮನೆ ಕೂರುತ್ತಾಳೆ.

ಮೊನ್ನೆ ರಿಪೇರಿಯ ಚೆನ್ನಯ ಬಂದ, ನಾನೇ ಕರೆಸಿದ್ದು. “ಹೊಸ ಬೆಲ್ಟ್ ಹಾಕ್ತೇನೆ ರಾಯರೇ, ಈ ಗಲಾಟೆ ಹೋಗ್ತದೆ.”

ತಿರುಗಿ ನೋಡಿದೆ. ಮುಕ್ತಾ ಕಣ್ಣು ಮುಚ್ಚಿ ಆ ಶಬ್ದವನ್ನೇ ಕೇಳುತ್ತಿದ್ದಳು.

“ಮುಟ್ಟಿದ್ರೆ ಜಾಗ್ರತೆ!” ಎಂದು ಗದರಿ, ಅವನಿಗೆ ಚಹಾ ಕುಡಿಸಿ ಕಳಿಸಿದೆ.