ಐವತ್ತು ಕೊಳವೆ, ಒಂದು ಟಾರ್ಚು

ಗಿರಾಕಿ ಅಂತ ತೂಗಿ ನೋಡಿದರೆ ಆರ್ವಿಡ್ ನೀಬರ್ಗ್ ಮೂರು ಕಾಸಿಗೆ ಬಾಳುವವನಲ್ಲ. ಮೊಂಟಾನಾದ ನಮ್ಮ ಊರಿನಲ್ಲಿ ಇಪ್ಪತ್ತಾರು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವನು ನಾನು. ಬಾಗಿಲು ದಾಟಿ ಒಳಗೆ ಬಂದವನ ಬೂಟು ನೋಡಿದರೆ ಸಾಕು, ಎಷ್ಟು ಬಿಚ್ಚುತ್ತಾನೆ ಅಂತ ಹೇಳಬಲ್ಲೆ. ಆರ್ವಿಡ್‌ನ ಬೂಟಿಗೆ ಮೂರು ಸಲ ಅಟ್ಟೆ ಬದಲಾಗಿತ್ತು. ಕೋಟಿನ ಮೊಣಕೈಗೆ ಹಾಕಿದ ತೇಪೆಯ ಮೇಲೆ ಇನ್ನೊಂದು ತೇಪೆ. ವರ್ಷಕ್ಕೊಂದು ಡಬ್ಬಿ ಕೋವಿಮದ್ದು, ಅದನ್ನು ಹೊತ್ತಿಸುವ ಒಂದಿಷ್ಟು ಕೇಪು, ಅಷ್ಟೇ ಅವನು ನನ್ನಿಂದ ಕೊಳ್ಳುತ್ತಿದ್ದದ್ದು. ರಿವಾಲ್ವರಿನ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುತ್ತಿದ್ದ. ಸೀಸಕ್ಕೂ ಕಾಸು ಬಿಚ್ಚಿದವನಲ್ಲ. ಟೈರ್ ಅಂಗಡಿಯವರು ಚಕ್ರದಿಂದ ಕಿತ್ತೆಸೆದ ಸೀಸದ ಬಿಲ್ಲೆಗಳನ್ನು ಬಕೆಟ್ ತುಂಬ ಹೊತ್ತು ತರುತ್ತಿದ್ದ. ಊರಿನ ವಾರಪತ್ರಿಕೆ ಮುಚ್ಚಿದಾಗ ಅಲ್ಲಿದ್ದ ಅಚ್ಚುಮೊಳೆಗಳನ್ನೂ ಬಿಡಲಿಲ್ಲ.

"ಊರಿನ ಮದುವೆ, ಸಾವು, ಕಳೆದುಹೋದ ಹಸು ಎಲ್ಲಾ ನಿನ್ನ ಮೂಸೆಗೆ ಬಿತ್ತಲ್ಲೋ," ಅಂದೆ.

"ನಿನ್ನ ಅಂಗಡಿ ಜಾಹೀರಾತೂ ಇತ್ತು, ಡೆಲ್. ಅದನ್ನ ಕರಗಿಸಿದ್ರೆ ಬರೀ ಕಿಟ್ಟ ಬಂತು."

ಅವನ ಒಟ್ಟು ಬೆಲೆ ಇದ್ದದ್ದು ಕೈಯಲ್ಲಿ. ಮೂವತ್ತು ವರ್ಷ ರೈಲುಹಳಿಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಎಲ್ಲಿ ಬಿರುಕಿದೆ ಅಂತ ಹೇಳಿದ ಕೈ. ಕಾದ ಸೀಸ ಸಿಡಿದ ಬಿಳಿ ಚುಕ್ಕೆಗಳು ಮುಂಗೈ ತುಂಬ. ಆ ಕೈಗೆ ಅವಸರ ಅನ್ನುವುದೇ ಗೊತ್ತಿರಲಿಲ್ಲ. ಯಾವ ರಿವಾಲ್ವರ್ ಬಂದರೂ ಮೊದಲಿನಿಂದ ಶುರು. ನಳಿಗೆಯ ಒಳಸುತ್ತು ಅಳೆದು, ಅದಕ್ಕೆ ಕೂದಲೆಳೆಯಷ್ಟು ದಪ್ಪ ಗುಂಡು ಎರೆದು, ಜೇನುಮೇಣ ಸವರಿ, ಮದ್ದಿನ ಕಂಪನಿಯ ಪುಸ್ತಕದಲ್ಲಿರುವ ಅತಿ ಕಡಿಮೆ ಅಳತೆಯ ಮದ್ದಿನಿಂದ ಐದು ಕಾಡತೂಸು ಕಟ್ಟುತ್ತಿದ್ದ. ಜಲ್ಲಿಗುಂಡಿಗೆ ಹೋಗಿ ಹಾರಿಸಿ ನೋಡುವುದು. ನಳಿಗೆಯೊಳಗೆ ಸೀಸದ ಗೆರೆ ಬಿದ್ದಿದೆಯೇ ಅಂತ ಬಗ್ಗಿ ನೋಡುವುದು. ಬರೆದಿಟ್ಟುಕೊಳ್ಳುವುದು. ಮುಂದಿನ ವಾರ ಮದ್ದನ್ನು ಸಾಸಿವೆಯಷ್ಟು ಏರಿಸಿ ಮತ್ತೆ ಐದು. ಒಂದು ರಿವಾಲ್ವರಿಗೆ ಹೊಂದುವ ಅಳತೆ ಸಿಗಬೇಕಾದರೆ ಒಂದು ಬೇಸಿಗೆ ಪೂರ್ತಿ ಕಳೆಯುತ್ತಿತ್ತು.

ನಮ್ಮ ಕಡೆ ಮನೆಯಲ್ಲಿ ಕಾಡತೂಸು ಕಟ್ಟುವವರು ಬೇಕಾದಷ್ಟು ಜನ. ಆದರೆ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಹಾರಿಸುವ ಪದ್ಧತಿ ಇಲ್ಲ. ಅಣ್ಣ ಕಟ್ಟಿದ್ದನ್ನು ತಮ್ಮ ಮುಟ್ಟುವುದಿಲ್ಲ. ಆರ್ವಿಡ್ ಕಟ್ಟಿದ್ದನ್ನು ಮಾತ್ರ ಯಾರೂ ಹಿಂದೆಮುಂದೆ ನೋಡದೆ ತುಂಬಿಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಆರ್ವಿಡ್ ಅಲ್ಲ, ಅವನ ಹೆಂಡತಿ ಲವೀನಾ.

ಹಳೇ ಕಾಲದ ದೊಡ್ಡ ರಿವಾಲ್ವರಿನ ಕಾಡತೂಸಿನ ಹಿತ್ತಾಳೆ ಕೊಳವೆ ಉದ್ದ, ಅದಕ್ಕೆ ಹಿಡಿಸುವ ಈಗಿನ ಮದ್ದು ಒಂದು ಚಿಟಿಕೆ. ಕೈಮರೆತು ಒಂದೇ ಕೊಳವೆಗೆ ಎರಡು ಸಲ ಹಾಕಿದರೂ ಹೊರಗೆ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂರಿಸಿದರಂತೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಟ್ರಿಗರ್ ಎಳೆದ ಮೇಲೆ. ರಿವಾಲ್ವರ್ ಒಡೆದು ಬೆರಳು ಒಂದು ಕಡೆ, ಉಕ್ಕಿನ ಚೂರು ಒಂದು ಕಡೆ ಹೋಗುತ್ತದೆ. ಅದಕ್ಕೇ ಆರ್ವಿಡ್ ಮರದ ಹಲಗೆಯ ತೂತುಗಳಲ್ಲಿ ಐವತ್ತು ಕೊಳವೆ ನಿಲ್ಲಿಸಿ, ಮದ್ದು ಹಾಕಿ, ಕೈ ಕಟ್ಟಿ ಕೂರುತ್ತಿದ್ದ. ಲವೀನಾ ಒಲೆ ಮೇಲಿನ ಕೆಲಸ ಬಿಟ್ಟು, ಮೊಳೆಗೆ ನೇತುಹಾಕಿದ ಟಾರ್ಚು ತಗೊಂಡು, ಒಂದೊಂದೇ ಕೊಳವೆಯೊಳಗೆ ಬೆಳಕು ಬಿಟ್ಟು ಇಣುಕುತ್ತಿದ್ದಳು. ಐವತ್ತೂ ಮುಗಿದ ಮೇಲೆ "ಸರಿ" ಅನ್ನುತ್ತಿದ್ದಳು. ಆ ಮಾತು ಕಿವಿಗೆ ಬೀಳುವ ತನಕ ಆರ್ವಿಡ್ ಗುಂಡು ಮುಟ್ಟುತ್ತಿರಲಿಲ್ಲ. ಪೆಟ್ಟಿಗೆಯ ಚೀಟಿಯಲ್ಲಿ ತಾರೀಕು, ಅಳತೆ, ಕೆಳಗೆ ಇಬ್ಬರ ಹೆಸರಿನ ಮೊದಲಕ್ಷರ.

"ಮೂವತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ನನ್ನ ಮಾತು ಕೇಳೋದು ಅಂದ್ರೆ ಇದೊಂದೇ ನೋಡು, ಡೆಲ್," ಅಂತ ಲವೀನಾ ನನ್ನೆದುರೇ ಅವನನ್ನು ಕೆಣಕುತ್ತಿದ್ದಳು.

ಒಂದು ವರ್ಷ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಹೆಪ್ಪುಗಟ್ಟಿದ ನೆಲ ಅಗೆಯಲಾಗದೆ ಮಣ್ಣು ಮಾಡಲು ಏಪ್ರಿಲ್‌ವರೆಗೆ ಕಾಯಬೇಕಾಯಿತು. ಆ ಎರಡು ತಿಂಗಳು ಆರ್ವಿಡ್ ಎಲ್ಲಿ ಕೂತ, ಏನು ತಿಂದ, ನಾನು ವಿಚಾರಿಸಲಿಲ್ಲ. ಚರ್ಚಿನ ಹೆಂಗಸರು ಊಟ ಕೊಟ್ಟು ಬರುತ್ತಾರೆ ಅಂತ ಕೇಳಿದ್ದೆ. ಅಷ್ಟು ಸಾಕು ಅಂದುಕೊಂಡೆ.

ನನಗೆ ನನ್ನ ಚಿಂತೆ. ಅಪ್ಪನ ಹಳೇ ರಿವಾಲ್ವರನ್ನು ಹಿಂದಿನ ಬೇಸಿಗೆಯಲ್ಲೇ ಅವನ ಕೈಗೆ ಕೊಟ್ಟಿದ್ದೆ. ಅಂಗಡಿಯ ಕಾಡತೂಸು ತುಂಬಿದರೆ ಅದು ಬಾಗಿಲಿಗೆ ಗುರಿಯಿಟ್ಟರೆ ಕಿಟಕಿಗೆ ಹೊಡೆಯುತ್ತಿತ್ತು. ಅಕ್ಟೋಬರ್ ಕೊನೆಗೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆ. ಸತ್ತ ಎಲ್ಕ್ ಕೊಯ್ಯುವಾಗ ರಕ್ತದ ವಾಸನೆಗೆ ಕರಡಿ ಬರುತ್ತದೆ, ಸೊಂಟದಲ್ಲಿ ಏನಾದರೂ ಇರಬೇಕು. ಸೆಪ್ಟೆಂಬರಿನಿಂದ ಅವನ ಬೆನ್ನು ಹತ್ತಿದೆ.

"ಆಗ್ಲಿಲ್ಲವೇನೋ ಇನ್ನೂ?"

"ಅಳತೆ ಸಿಕ್ಕಿದೆ. ಕಟ್ಟೋದು ಬಾಕಿ."

"ಕಟ್ಟೋಕೇನು ದಾಡಿ? ಕರಡಿ ನಿನಗೋಸ್ಕರ ಕಾಯ್ತಾ ಕೂರಲ್ಲ."

"ನೋಡೋಣ ತಾಳು."

"ಮದ್ದೋ ಮಣ್ಣೋ ಏನು ಬೇಕೋ ತಗೊಂಡು ಹೋಗು, ನನ್ನದು ಮೊದಲು ಮುಗಿಸು ಮಾರಾಯ." ಇದನ್ನು ಅಂಗಡಿಯಲ್ಲಿ ನಾಲ್ಕು ಜನರೆದುರು ಅಂದೆ. ಅವರು ನಕ್ಕರು. ಆರ್ವಿಡ್ ಟೋಪಿ ಸರಿಮಾಡಿಕೊಂಡು ಹೋದ.

ಬೇಟೆಗೆ ಹೊರಡುವ ಹಿಂದಿನ ದಿನ ಪೆಟ್ಟಿಗೆ ತಂದುಕೊಟ್ಟ. ಐವತ್ತು. ಚೀಟಿ ನೋಡಿದೆ. ತಾರೀಕು ಆ ವಾರದ್ದು. ಕೆಳಗೆ ಎರಡು ಅಕ್ಷರ, ಅವನದೂ ಲವೀನಾಳದೂ. ಸರಕಿನ ಚೀಟಿ ಓದುವುದೇ ನನ್ನ ಕಸುಬು. ಓದಿದೆ, ಏನೋ ಚುಚ್ಚಿದ ಹಾಗಾಯಿತು, ಆದರೂ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡೆ.

ಬೇಟೆಯ ಡೇರೆ ಊರಿನಿಂದ ಐವತ್ತು ಮೈಲಿ. ಕೊನೆಯ ಹನ್ನೆರಡು ಮೈಲಿ ದಾರಿಯೇ ಅಲ್ಲ. ಹೋದ ದಿನ ಒಂದು ಮೋಟುಮರಕ್ಕೆ ಐದು ಹಾರಿಸಿದೆ. ಐದೂ ಅಂಗೈಯಗಲದಲ್ಲಿ ಕೂತವು. ಅಪ್ಪನ ಕಾಲದಲ್ಲೂ ಆ ರಿವಾಲ್ವರ್ ಹಾಗೆ ಹೊಡೆದಿರಲಿಕ್ಕಿಲ್ಲ. ಹಳೇ ರಿವಾಲ್ವರ್, ಪೆಟ್ಟು ಬಿದ್ದರೆ ತಾನೇ ಹಾರೀತು ಅಂತ ಆರು ಮನೆಗಳಲ್ಲಿ ಒಂದನ್ನು ಖಾಲಿ ಬಿಟ್ಟು ಮತ್ತೆ ಐದು ತುಂಬಿ ಸೊಂಟಕ್ಕೆ ಸಿಕ್ಕಿಸಿದೆ. ಪೆಟ್ಟಿಗೆಯಲ್ಲಿ ನಲವತ್ತು ಉಳಿಯಿತು.

ಭಾನುವಾರ ಮಧ್ಯಾಹ್ನ ಹಿಮ ಬೀಳುತ್ತಿತ್ತು. ಕೆಳಗಿನ ತಿರುವಿನಲ್ಲಿ ಒಂದು ಗಾಡಿಯ ಗೋಳಾಟ ಕೇಳಿ ಹೊರಗೆ ಬಂದೆ. ಆರ್ವಿಡ್‌ನ ಹಳೇ ಪಿಕಪ್ಪು. ಒಂದು ದೀಪ ಒಡೆದಿದೆ, ಪಕ್ಕದ ತಗಡು ನುಗ್ಗಾಗಿದೆ. ಅವನು ಇಳಿದವನೇ ಕೈ ಚಾಚಿದ.

"ಎಷ್ಟು ಹಾರಿಸಿದ್ದೀಯ?"

"ಐದು. ಬಾ, ಕಾಫಿ ಇದೆ. ಎಂಥಾ ಗುರಿ ಹೊಡ್ತಾವೆ ಮಾರಾಯ—"

"ಉಳಿದದ್ದು ಕೊಡು. ಸೊಂಟದಲ್ಲಿರೋದೂ."

ಕೊಟ್ಟೆ. ಪಿಕಪ್ಪಿನ ಹಿಂಬಾಗಿಲು ಇಳಿಸಿ, ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆ ತೆಗೆದ. ಕಾಡತೂಸನ್ನು ಅದರೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಸಡಿಲಗೊಂಡು ಹೊರಬೀಳುತ್ತವೆ. ಅವನ ಕೈ ಅವಸರ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನಾಯ್ತು, ಹೇಳಬಾರದೇನೋ?"

"ನಿನ್ನೆ ಗಾಳಿಗೆ ಕರೆಂಟು ಹೋಯ್ತು. ಅವಳ ಟಾರ್ಚು ತಗೊಂಡೆ. ಹತ್ತಲಿಲ್ಲ. ಬಿಚ್ಚಿ ನೋಡಿದ್ರೆ ಸೆಲ್ಲು ಸೋರಿ, ಸ್ಪ್ರಿಂಗು ತುಕ್ಕು ಹಿಡಿದು, ಒಳಗೆಲ್ಲ ಬೆಳ್ಳಗಾಗಿದೆ. ಎಷ್ಟೋ ತಿಂಗಳಿಂದ ಸತ್ತಿದೆ ಅದು."

"ಹೋಗ್ಲಿ, ಅಂಗಡಿಯಲ್ಲಿ ಬೇರೆ ಇದೆ."

"ಅದಲ್ಲ ಡೆಲ್." ಸುತ್ತಿಗೆ ಕೆಳಗಿಟ್ಟ. "ನಿನ್ನ ಐವತ್ತಕ್ಕೂ ಮದ್ದು ಹಾಕಿ ಕೈ ಕಟ್ಟಿ ಕೂತಿದ್ದೆ, ಯಾವಾಗಿನ ಹಾಗೆ. ಅವಳು ಸರಿ ಅಂದ್ಲು. ಕೇಳಿಸ್ತು ನನಗೆ. ಗುಂಡು ಕೂರಿಸಿದೆ. ಚೀಟಿ ಬರೆದೆ. ಆ ಟಾರ್ಚು ಬಿಚ್ಚೋ ತನಕ ನನಗೆ ಹೊಳೀಲೇ ಇಲ್ಲ, ಯಾರೂ ನೋಡಿಲ್ಲ ಅಂತ."

ಅವನು ಕುಟ್ಟತೊಡಗಿದ. ರಿವಾಲ್ವರಿನ ಐದೂ ಸರಿಯಾಗಿದ್ದವು. ಪ್ರತಿಯೊಂದರ ಮದ್ದನ್ನೂ ಬಿಳಿ ತಟ್ಟೆಗೆ ಸುರಿದು ನೋಡಿ ಪಕ್ಕಕ್ಕೆ ಚೆಲ್ಲುತ್ತಿದ್ದ. ಪೆಟ್ಟಿಗೆಯದು ಹತ್ತು ಆಯಿತು, ಇಪ್ಪತ್ತಾಯಿತು. ಹಿಮ ಅವನ ಟೋಪಿಯ ಮೇಲೆ ಕೂರುತ್ತಿತ್ತು. ಮೂವತ್ತರ ಹೊತ್ತಿಗೆ ನನಗೆ ಧೈರ್ಯ ಬಂತು, ಅದರ ಜೊತೆ ಬಾಯಿಚಪಲವೂ.

"ಲವೀನಾ ಹೋದ ಮೇಲೂ ಸರಿಯಾಗೇ ನೋಡಿದ್ದಾಳೆ ಬಿಡೋ," ಅಂದೆ.

ಮೂವತ್ತೊಂದನೆಯದನ್ನು ಸುರಿದ. ತಟ್ಟೆಯಲ್ಲಿ ಬಿದ್ದ ರಾಶಿ ಉಳಿದವುಗಳ ಎರಡರಷ್ಟಿತ್ತು.

ಇಬ್ಬರೂ ಅದನ್ನು ನೋಡುತ್ತ ನಿಂತೆವು. ನಾನು ಬಲಗೈಯನ್ನು ಜೇಬಿಗೆ ಹಾಕಿಕೊಂಡೆ, ಯಾಕೋ ಗೊತ್ತಿಲ್ಲ. ಅವನು ಉಳಿದ ಒಂಬತ್ತನ್ನೂ ಕುಟ್ಟಿ ಬಿಚ್ಚಿದ. ಅವೆಲ್ಲ ಸರಿಯಾಗಿದ್ದವು. ಚೀಟಿಯನ್ನು ಕಿತ್ತು, ಮಡಿಸಿ, ಒಳಜೇಬಿಗೆ ಇಟ್ಟುಕೊಂಡ.

"ನಾನು ಬಂದು ಟಾರ್ಚು ಹಿಡೀತೀನಿ," ಅಂದೆ. "ವಾರಕ್ಕೊಂದು ಸಲ. ನೀನು ಕಟ್ಟೋದು ಬಿಡಬೇಡ."

"ನಿನ್ನ ಕಣ್ಣು ವ್ಯಾಪಾರಿ ಕಣ್ಣು, ಡೆಲ್. ಕಡಿಮೆ ಬಿದ್ದದ್ದು ತಕ್ಷಣ ಕಾಣುತ್ತೆ. ಜಾಸ್ತಿ ಬಿದ್ದದ್ದು ಕಾಣಲ್ಲ."

ಕಾಫಿ ಕುಡಿಯಲಿಲ್ಲ. ಕತ್ತಲಾಗುವುದರೊಳಗೆ ಇಳಿಯಬೇಕು ಅಂತ ಹೊರಟುಹೋದ.

ನವೆಂಬರಿನಲ್ಲಿ ಅಚ್ಚು, ಮೂಸೆ, ತಕ್ಕಡಿ, ಐವತ್ತು ತೂತಿನ ಹಲಗೆ ಎಲ್ಲವನ್ನೂ ಅಂಗಡಿಗೆ ತಂದು ಹಾಕಿ "ಮಾರು" ಅಂದ. ಬೇಡ ಅನ್ನಬಹುದಿತ್ತು, ಅಟ್ಟದ ಮೇಲೆ ಎತ್ತಿಡಬಹುದಿತ್ತು. ಸರಕು ಚೆನ್ನಾಗಿತ್ತು, ನಾನು ವ್ಯಾಪಾರಿ, ವಾರದೊಳಗೆ ಪಕ್ಕದ ಐಡಹೋ ರಾಜ್ಯದವನೊಬ್ಬನಿಗೆ ಮಾರಿದೆ. ಆಮೇಲೆ ಆರ್ವಿಡ್ ದಿನಾ ಬೆಳಿಗ್ಗೆ ಬಂದು ನನ್ನ ಒಲೆಯ ಪಕ್ಕ ಕೂರುತ್ತಿದ್ದ. ಕೈಗೆ ಕೆಲಸವಿಲ್ಲದೆ ಡಬ್ಬಿಯಿಂದ ಒಂದು ನಟ್ಟು ತಗೊಂಡು ಹೆಬ್ಬೆರಳಲ್ಲಿ ಉಜ್ಜುತ್ತ ಕೂತು, ಹೋಗುವಾಗ ಅದನ್ನು ಅದರ ಡಬ್ಬಿಗೇ ಹಾಕುತ್ತಿದ್ದ. ಒಂದು ದಿನವೂ ತಪ್ಪು ಡಬ್ಬಿಗೆ ಹಾಕಲಿಲ್ಲ. ಆ ಭಾನುವಾರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಾದ ಎರಡನೇ ಚಳಿಗಾಲದಲ್ಲಿ ತೀರಿಕೊಂಡ. ಅವನನ್ನೂ ನೆಲ ಕರಗುವ ತನಕ ಕಾಯಿಸಿದೆವು.

ಅವಸರ ಮಾಡಿದವನು ನಾನು. ಚೀಟಿ ಓದಿಯೂ ಸುಮ್ಮನಿದ್ದವನು ನಾನು. ಇದನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ, ಐದು ಬೆರಳೂ ಇವೆ. ಅದು ಆರ್ವಿಡ್ ನೀಬರ್ಗ್‌ನ ಋಣ.