ನೂಲು ಮೊದಲೋ, ಮಾತು ಮೊದಲೋ

ಮೊನ್ನೆ ಪೆಟ್ಟಿಗೆ ಖಾಲಿ ಮಾಡುವಾಗ ತಳದಲ್ಲಿ ಹಳೆಯ ಲಾಳಿ ಸಿಕ್ಕಿತು. ಮಗ್ಗದಲ್ಲಿ ಅತ್ತಿಂದಿತ್ತ ಓಡಿ ಓಡಿ ನುಣುಪಾದ ಕಟ್ಟಿಗೆ. ಮೂಗಿಗೆ ಹಿಡಿದೆ... ಗಂಜಿಯ ವಾಸನೆ ಇನ್ನೂ ಇತ್ತೋ, ನನ್ನ ಭ್ರಮೆಯೋ.

ಅದು ಪಕ್ಕದ ಮನೆಯ ದೊಡ್ಡವ್ವನದು. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿರಬೇಕು. ನಾನು ಬೆಟಗೇರಿಗೆ ಸೊಸೆಯಾಗಿ ಬಂದ ಹೊಸತು. ಗಂಡನಿಲ್ಲದ ಆಕೆಗೆ ಒಂದು ಮಗ್ಗವೇ ಆಸ್ತಿ. ಒಂದು ದಿನ ಇಬ್ಬರೂ ನೂಲಿನ ಅಂಗಡಿಗೆ ಹೋಗಿದ್ದೆವು. ಹಿಂದಿನ ದಿನವಷ್ಟೇ ಆಕೆಯ ಮೈದುನ ಅಲ್ಲಿಂದ ಉದ್ರಿ ನೂಲು ಒಯ್ದಿದ್ದ. ಕೊಟ್ಟು ಕೆಟ್ಟೆನೇನೋ ಎಂದು ಅಂಗಡಿಯವನ ಮುಖ ಸಣ್ಣದಾಗಿತ್ತು. ದೊಡ್ಡವ್ವ ನಕ್ಕು, "ಅಂಜಬ್ಯಾಡ್ರಿ. ಅಂವ ಕೊಡಲಿಲ್ಲಂದ್ರ ನಾ ಕೊಡತೇನಿ," ಅಂದಳು. ಚೀಟಿಯಿಲ್ಲ, ಸಹಿಯಿಲ್ಲ.

ಮೈದುನ ಸೊಲ್ಲಾಪುರದ ಕಡೆ ಕಾಲು ಕಿತ್ತ. ದೊಡ್ಡವ್ವ "ಸ್ವಲ್ಪ ತಡೀರಿ" ಅನ್ನುತ್ತಲೇ ಇದ್ದಳು. ಅಂಗಡಿಯವನು ತಡೆಯದೆ ಗದಗಿನ ಕೋರ್ಟಿಗೆ ಹೋದ. ನಮ್ಮ ಮನೆಯವರೇ ಓಡಾಡಿ ಆಕೆಗೊಬ್ಬ ವಕೀಲರನ್ನು ಹಿಡಿದರು.

"ಬಾಯಿಮಾತೂ ನಡೀತದ, ಕಾಗದಾನ ಬೇಕಂತಿಲ್ಲ," ಅಂದರು ವಕೀಲರು. "ಆದ್ರ ನೂಲು ಕೊಟ್ಟಾದ ಮ್ಯಾಲ ಸುಮ್ಮನ ಅಂದ ಮಾತು ಕೋರ್ಟಿನ್ಯಾಗ ನಿಲ್ಲೂದಿಲ್ಲ, ಆಕಿ ಕೊಡಬೇಕಾಗೂದಿಲ್ಲ. ಮೊದಲ ಅಂದ್ಲೋ, ಆಮ್ಯಾಲ ಅಂದ್ಲೋ? ಅಷ್ಟ ನೋಡ್ರಿ."

ಅಂಗಡಿಯಲ್ಲಿ ಆಕೆಯ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ; ಸಾಕ್ಷಿ ನಾನೇ ಹೇಳಬೇಕಿತ್ತು. ಆ ವಾರವೆಲ್ಲ ನನಗೆ ಅದೇ ಧ್ಯಾನ. ರೊಟ್ಟಿ ಬಡಿಯುತ್ತ "ಮರುದಿನ, ಮರುದಿನ" ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಎಲ್ಲಿ ನಾಲಿಗೆ ತಪ್ಪಿ ಆಕೆಯ ಮಗ್ಗ ಹೋಗುತ್ತದೋ ಎಂಬ ಅಂಜಿಕೆ.

ತಪ್ಪಲಿಲ್ಲ. ಕೋರ್ಟಿನಲ್ಲಿ ಸೆರಗು ಹಿಂಡುತ್ತ, ನೂಲು ಒಯ್ದ ಮರುದಿನ ಅಂದ ಮಾತೆಂದು ಇದ್ದದ್ದು ಇದ್ದಂತೆ ಹೇಳಿದೆ. ಆಮೇಲೆ ದೊಡ್ಡವ್ವನನ್ನು ಕೇಳಿದರು.

"ಮೊದಲ ಅಂದಿದ್ನ್ರೀ ಸಾಹೇಬ್ರ. ನನ್ನ ಮಾತಿನ ಮ್ಯಾಲ ನೂಲು ಕೊಟ್ರು. ಈ ಹುಡುಗಿಗೆ ನೆನಪಿಲ್ಲ."

ಜಡ್ಜ ಸಾಹೇಬರು ಕನ್ನಡಕದ ಮೇಲಿಂದ, ಸುಳ್ಳು ಹೇಳಿದವಳನ್ನು ನೋಡುವಂತೆ ನನ್ನನ್ನು ನೋಡಿದರು... ಆ ನೋಟ ಇವತ್ತಿಗೂ ಚುಚ್ಚುತ್ತದೆ. ಹೊರಗೆ ಬಂದವಳೇ ಅಳುತ್ತ ಜಗಳ ತೆಗೆದೆ.

"ಸುಳ್ಳು ಯಾಕ ಹೇಳಿದಿ ದೊಡ್ಡವ್ವ?"

"ನನ್ನ ಮಾತು ಕೇಳೇ ಅಂಗಡ್ಯಾಂವ ಸುಮ್ಮನ ಕುಂತ. ಇಲ್ಲಂದ್ರ ಅವತ್ತ ಹೋಗಿ ನೂಲು ಕಸಗೊಂಡು ಬರತಿದ್ದ. ಅದು ಯಾರ ತಪ್ಪು?"

ಆ ಸಾಲಕ್ಕೆ ಮಗ್ಗ ಹೋಯಿತು. ಸಿಟ್ಟಿಗೆ ನಾನು ಆಕೆಯ ಕೂಡ ಮಾತೇ ಬಿಟ್ಟೆ. ಕರ್ನಾಟಕ ಒಂದಾಗುವ ಹೊತ್ತಿಗೆ ಆಕೆ ನಮ್ಮ ಮನೆಯಲ್ಲೇ ಕೂಲಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಂದು ದಿನ ಈ ಲಾಳಿಯನ್ನು ನನ್ನ ಉಡಿಗೆ ಹಾಕಿ, "ನೀ ಖರೇನ ಹೇಳಿದ್ದಿ, ಇಟ್ಕೋ," ಅಂದಳು.

ದೊಡ್ಡವ್ವ ಹೋಗಿ ಬಹಳ ವರ್ಷವಾಯಿತು. ಅವತ್ತು ನಾನು ಹೇಳಿದ್ದು ನಿಜವೆಂದು ಬಲ್ಲವರು ಈಗ ಯಾರೂ ಉಳಿದಿಲ್ಲ.