ಎಮ್ಮೆಗೆ ಹುರುಳಿ, ಬಾಣಂತಿಗೆ ಮೆಣಸಿನ ಸಾರು

ನಮ್ಮ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಬಾಣಂತನ! ಒಂದು ನನ್ನ ತಂಗಿ ಸುಮಿತ್ರೆಯದು. ಇನ್ನೊಂದು ನಮ್ಮ ಎಮ್ಮೆ ಗೌರಿಯದು. ಗೌರಿ ಹೊತ್ತಿಗೆ ಎರಡು ತಂಬಿಗೆ ನೊರೆಹಾಲು ಕೊಡತೊಡಗಿದಳು. ತಂಗಿಯ ಮಗಳು ಮಾತ್ರ ಹಾಲು ಸಾಲದೆ ಹಗಲಿಡೀ ಕಿರುಚುತ್ತಿದ್ದಳು. ಹದಿನೆಂಟು ದಿನದ ಕೂಸು, ಹುಟ್ಟಿದಾಗ ಇದ್ದುದಕ್ಕಿಂತ ಸಣ್ಣಗಾಗಿತ್ತು. ನಮಗೆಲ್ಲ ಜೀವ ಬಾಯಿಗೆ ಬಂದಿತ್ತು.

ಹೋದ ವಾರ ಗುರುವಾರ ಕುಮಟೆಯಿಂದ ನರ್ಸಬಾಯಿ ನಮ್ಮೂರು ಬಾಡಕ್ಕೆ ಬಂದರು. ಕೂಸನ್ನು ತಕ್ಕಡಿಯಲ್ಲಿ ತೂಗಿದರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಹೊರಗಿನ ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು.

"ಇದೆಂತ ಬೇಯೂದು ಅಮ್ಮಾ?"

"ಹುರುಳಿ. ಎಮ್ಮೆಗೆ," ಅಂದಳು ನಮ್ಮವ್ವ. "ಗಂಜಿತಿಳಿ, ಕೊಬ್ಬರಿ ಹಿಂಡಿ ಕಲಸಿ ಕೊಡೂದು."

"ಬಾಣಂತಿಗೆ?"

"ಅನ್ನ, ಕರಿಮೆಣಸಿನ ಸಾರು. ನೀರು ಎರಡೇ ಲೋಟ. ನಲವತ್ತು ದಿನ ಪಥ್ಯ ಅಲ್ದಾ?"

"ಬೇಳೆ? ಮೀನು? ತುಪ್ಪ?"

"ಅಯ್ಯಯ್ಯ! ಕೂಸಿಗೆ ವಾಯು ಆಗೂದಿಲ್ವಾ?"

ನರ್ಸಬಾಯಿ ನನ್ನತ್ತ ತಿರುಗಿದರು. "ಮಾಸ್ತರೇ, ನೀವು ಶಾಲೇಲಿ ಎಂತ ಕಲಿಸೂದು?"

(ಓದುಗರೇ, ನಾನು ಹೈಸ್ಕೂಲಿನ ಸೈನ್ಸ್ ಮಾಸ್ತರ. ಹೋದ ತಿಂಗಳಷ್ಟೇ ಬೋರ್ಡಿನ ಮೇಲೆ ಮೂರು ಕಂಬ ಎಳೆದು ಬರೆಸಿದ್ದೆ: ದುಡಿಯಲು ಪಿಷ್ಟ, ಮೈ ಬೆಳೆಯಲು ಸಸಾರಜನಕ, ಕಾವಿಗೆ ಕೊಬ್ಬು. ಹುಡುಗರು ಬಾಯಿಪಾಠ ಒಪ್ಪಿಸಿದರು. ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದಾಯಿತು, ಶಾಲೆಗೆ ಹೊಸ ಪುಸ್ತಕ ಬಂದದ್ದಾಯಿತು. ಅದರ ಒಂದು ಪುಟವನ್ನೂ ನಾನು ನಮ್ಮ ಅಡುಗೆಮನೆಗೆ ಒಯ್ದಿರಲಿಲ್ಲ. ನಾಚಿಕೆಯಾಗಬೇಡವೇ?)

ನಾನು ಆ ಹಂಡೆಯೊಳಗೆ ಬಗ್ಗಿ ನೋಡಿದೆ. ಗಂಜಿತಿಳಿಯಲ್ಲಿ ಪಿಷ್ಟ. ಹುರುಳಿಯಲ್ಲಿ ಸಸಾರಜನಕ. ಹಿಂಡಿಯಲ್ಲಿ ಗಾಣ ಬಿಟ್ಟ ಕೊಬ್ಬು. ನನ್ನ ಮೂರೂ ಕಂಬಗಳು ಒಂದೇ ಹಂಡೆಯಲ್ಲಿ! ಅಕ್ಷರ ಬಾರದ ನನ್ನವ್ವ ಆಹಾರಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್! ಆದರೆ ಆ ವಿದ್ಯೆಯೆಲ್ಲ ಕೊಟ್ಟಿಗೆಯಲ್ಲೇ ಮುಗಿದುಹೋಗುತ್ತಿತ್ತು.

"ಅವ್ವಾ, ಎಮ್ಮೆಗೆ ಹುರುಳಿ ಎಂತಕ್ಕೆ?" ಎಂದು ಕೇಳಿದೆ.

"ಎಂತಕ್ಕೆ ಅಂದ್ರೆ? ಹಾಲು ಬರೂಕೆ!" ಅಂದವಳು ಅಲ್ಲಿಗೇ ನಿಂತಳು. ಸೌಟು ಕೈಯಲ್ಲೇ ಉಳಿಯಿತು. ಒಳಗೆ ಕೂಸು ಅಳುತ್ತಿತ್ತು.

"ಎಮ್ಮೆ ಬೇರೆ, ಮನುಷ್ಯರು ಬೇರೆ," ಎಂದಳು ಮೆಲ್ಲಗೆ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ಬೇರೆಯೇ," ಅಂದರು ನರ್ಸಬಾಯಿ. "ಎಮ್ಮೆಗೆ ಮೇಲಿಂದ ಹುಲ್ಲಾದ್ರೂ ಉಂಟು. ಇವಳಿಗೆ ಅನ್ನ ಬಿಟ್ಟರೆ ಎಂತದೂ ಇಲ್ಲ. ಹೊಟ್ಟೆ ತುಂಬ ಕೊಡಿ, ಬೇಕಾದಷ್ಟು ನೀರು ಕೊಡಿ, ಕೂಸನ್ನ ಮತ್ತೆ ಮತ್ತೆ ಎದೆಗೆ ಹಾಕಿ."

"ಆತು," ಅಂದಳು ಅವ್ವ. ಅಷ್ಟೇ. ಎಮ್ಮೆಯ ಹುರುಳಿ ಮೂಟೆಯಿಂದಲೇ ಎರಡು ಮುಷ್ಟಿ ತೆಗೆದು, ಬೇರೆ ಪಾತ್ರೆಯಲ್ಲಿ (ಅಷ್ಟು ಮರ್ಯಾದೆ ಬೇಡವೇ!) ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಅನ್ನಕ್ಕೆ ತುಪ್ಪ ಬಿಟ್ಟು ಕೊಟ್ಟಳು. ಮರುದಿನ ಮೊಟ್ಟೆ. ರವಿವಾರ ಮೀನು!

ಮೊದಲ ತುತ್ತು ಬಾಯಿಗಿಟ್ಟು ಸುಮಿತ್ರೆ ಹೇಳಿದಳು: "ಅಣ್ಣಾ, ಈ ಹುರುಳಿ ವಾಸನೆ ದಿನಾ ಕಿಟಕಿಯಿಂದ ಬರ್ತಿತ್ತು. ಕೇಳೂಕೆ ನಾಚಿಕೆ ಆಗಿ ಸುಮ್ನಿದ್ದೆ."

ನನ್ನ ಕಣ್ಣು ತುಂಬಿತು. ಎಮ್ಮೆಗೆ ನಾಚಿಕೆಯಿಲ್ಲ, ಹಸಿದರೆ ಕೂಗುತ್ತದೆ. ನಾವು ಓಡುತ್ತೇವೆ.

ನಿನ್ನೆ ಗುರುವಾರ ಮತ್ತೆ ತಕ್ಕಡಿ ಬಂತು. ಮುಳ್ಳು ಮುಂದಕ್ಕೆ ಸರಿಯಿತು! ನರ್ಸಬಾಯಿ ನಕ್ಕರು. ಅವ್ವ ಕೂಸನ್ನೆತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ನಾನಂತೂ ಈ ಕಾಗದದ ಮೇಲೇ ಕುಣಿಯುತ್ತಿದ್ದೇನೆ. ಕೂಸು ಮಾತ್ರ ಹೊಟ್ಟೆ ತುಂಬಿ ನಿದ್ದೆ ಹೊಡೆಯುತ್ತಿದೆ.

ಇಂದು ನಿಮ್ಮ ಎಮ್ಮೆ ಏನು ತಿಂದಿತೆಂದು ನಿಮಗೆ ಗೊತ್ತೇ ಇರುತ್ತದೆ. ನಿಮ್ಮ ಬಾಣಂತಿ ಏನು ಉಂಡಳು?